ನ್ಯಾಶ್‌ವಿಲ್, ಮೆಂಫಿಸ್, ನ್ಯೂ ಆರ್ಲಿಯನ್ಸ್: ಮೂರು ದಿನದ ರಜೆಗೆ ಯಾವ ಹಾಡಿನ ಊರು?

ಲಾಂಗ್ ವೀಕೆಂಡ್ ಹತ್ತಿರ ಬಂದರೆ ನಮ್ಮ ಸ್ನೇಹಿತರಲ್ಲಿ ಯಾರಾದರೂ ಫೋನ್ ಮಾಡಿ ಇದನ್ನು ಕೇಳಿಯೇ ಕೇಳುತ್ತಾರೆ. ಮೂರು ದಿನ ರಜೆ ಇದೆ, ಬೀಚ್ ಬೇಡ, ಒಳ್ಳೆ ಸಂಗೀತ ಕೇಳಿ ಬರಬೇಕು, ಯಾವ ಊರಿಗೆ ಹೋಗೋಣ?

ನಾವಿರುವುದು ಅಟ್ಲಾಂಟಾ ಹತ್ತಿರ. ಅಮೆರಿಕದ ದಕ್ಷಿಣದಲ್ಲಿ ಹಾಡಿಗೆ ಹೆಸರಾದ ಊರುಗಳಲ್ಲಿ ಮೂರು ನಮಗೆ ಕಾರಿನ ದೂರದಲ್ಲಿವೆ. ನ್ಯಾಶ್‌ವಿಲ್‌ಗೆ ಸುಮಾರು 250 ಮೈಲಿ, ಮೆಂಫಿಸ್‌ಗೆ 390, ನ್ಯೂ ಆರ್ಲಿಯನ್ಸ್‌ಗೆ 470. ಮೂರಕ್ಕೂ ಹೋಗಿ ಬಂದಿದ್ದೇವೆ. ಒಂದು ಸಲ ಅಪ್ಪ, ಅಮ್ಮ, ಮಗನ ಜೊತೆ, ಒಂದು ಸಲ ಮಗನೊಬ್ಬನ ಜೊತೆ, ಒಂದು ಸಲ ಅಮ್ಮನೊಬ್ಬರ ಜೊತೆ. ಮೂರನ್ನೂ ಒಂದೇ ಟ್ರಿಪ್‌ನಲ್ಲಿ ಮುಗಿಸಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಬೇಡ. ನ್ಯಾಶ್‌ವಿಲ್‌ನಿಂದ ಮೆಂಫಿಸ್‌ಗೆ 3 ಗಂಟೆ, ಮೆಂಫಿಸ್‌ನಿಂದ ನ್ಯೂ ಆರ್ಲಿಯನ್ಸ್‌ಗೆ 6 ಗಂಟೆ. ಹಾಡು ಕೇಳಬೇಕಾದ ಸಂಜೆಗಳೆಲ್ಲ ಹೈವೇ ಮೇಲೆ ಕಳೆದುಹೋಗುತ್ತವೆ. ಒಂದನ್ನು ಆರಿಸಿಕೊಳ್ಳಿ.

ಆರಿಸುವಾಗ ಎಲ್ಲರೂ ಅಮೆರಿಕದ ಹಳ್ಳಿ ಕಡೆಯ ಕಂಟ್ರಿ ಹಾಡು ಇಷ್ಟನಾ, ಕರಿಯರ ಬ್ಯಾಂಡುಗಳಿಂದ ಬಂದ ಜಾಸ್ ಇಷ್ಟನಾ ಅಂತ ಶುರು ಮಾಡುತ್ತಾರೆ. ನಮ್ಮಲ್ಲಿ ಬಹಳ ಜನಕ್ಕೆ ಎರಡೂ ಅಷ್ಟು ಪರಿಚಯ ಇರುವುದಿಲ್ಲ, ಅಲ್ವಾ? ಅದಕ್ಕಿಂತ ನೀವು ಹಾಡನ್ನು ಹೇಗೆ ಕೇಳುವವರು ಅಂತ ಯೋಚಿಸಿ. ಒಂದು ಕಡೆ ಕೂತು, ಹಾಡಿನ ಮಾತು ಕಿವಿಗೆ ಬೀಳುವ ಹಾಗೆ ಕೇಳುವವರಿಗೆ ನ್ಯಾಶ್‌ವಿಲ್. ಈ ಹಾಡು ಎಲ್ಲಿ ಹುಟ್ಟಿತು, ಯಾರ ನೋವಿನಿಂದ ಹುಟ್ಟಿತು ಅಂತ ತಿಳಿಯುವ ಆಸೆ ಇದ್ದರೆ ಮೆಂಫಿಸ್. ಹಾಡಿನ ಹಿಂದೆ ಬೀದಿಯಲ್ಲಿ ನಡೆಯುವ ಮನಸ್ಸಿದ್ದರೆ ನ್ಯೂ ಆರ್ಲಿಯನ್ಸ್.

ನ್ಯಾಶ್‌ವಿಲ್

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಂಡಿ ನೋವಿದೆ, ಜಾಸ್ತಿ ನಡೆಯಲು ಆಗುವುದಿಲ್ಲ ಅನ್ನುವವರಿಗೆ ನಾನು ಹೇಳುವುದು ಇದೇ ಊರು. ಅಟ್ಲಾಂಟಾದಿಂದ 4 ಗಂಟೆ ಸಾಕು. ಮೂರೂ ಊರುಗಳ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ ಇರುವುದರಿಂದ ಬೆಳಗ್ಗೆ 7ಕ್ಕೆ ಹೊರಟರೆ ಅಲ್ಲಿಯ 10 ಗಂಟೆಗೆ ತಲುಪುತ್ತೀರಿ.

ಮೊದಲು ರೈಮನ್ ಆಡಿಟೋರಿಯಂಗೆ ಹೋಗಿ. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು. ಕಟ್ಟಿಸಿದವರು ಟಾಮ್ ರೈಮನ್ ಎಂಬ ದೋಣಿ ವ್ಯಾಪಾರಿ. ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಕಂಟ್ರಿ ಹಾಡಿನ ರೇಡಿಯೋ ಕಾರ್ಯಕ್ರಮ 1943ರಿಂದ 1974ರವರೆಗೆ ಇಲ್ಲಿಂದ ನಡೆಯಿತು. ಇವತ್ತಿಗೂ ಕೂರಲು ಚರ್ಚಿನ ಉದ್ದನೆಯ ಮರದ ಬೆಂಚುಗಳೇ ಇವೆ. 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಎಂಬ ಹಾಡುಗಾರರ ತಂಡಕ್ಕೆ ಅರ್ಲ್ ಸ್ಕ್ರಗ್ಸ್ ಎಂಬ ಹುಡುಗ ಬ್ಯಾಂಜೋ ಹಿಡಿದು ಬಂದದ್ದು ಈ ವೇದಿಕೆಗೆ. ಬ್ಲೂಗ್ರಾಸ್ ಅನ್ನುವ ಪ್ರಕಾರ ಹುಟ್ಟಿದ್ದು ಅಲ್ಲಿಂದ ಅಂತ ಎಣಿಸುತ್ತಾರೆ. ಹಗಲಿನಲ್ಲಿ ಟಿಕೆಟ್ ತೆಗೆದುಕೊಂಡು ಸುಮ್ನೆ ಒಳಗೆ ಕೂತು ಬರಬಹುದು. ಆದರೆ ರಾತ್ರಿ ಒಂದು ಕಛೇರಿ ಇದ್ದರೆ ಅದಕ್ಕೇ ಹೋಗಿ. ಮರದ ಹಾಲ್‌ನಲ್ಲಿ ತಂತಿ ವಾದ್ಯದ ನಾದ ಹೇಗೆ ತುಂಬಿಕೊಳ್ಳುತ್ತದೆ ಅಂತ ಅಲ್ಲಿ ಕೂತರೇ ಗೊತ್ತಾಗುವುದು.

ಆಪ್ರಿ 1974ರಲ್ಲಿ ಊರ ಹೊರಗಿನ ದೊಡ್ಡ ಹಾಲ್‌ಗೆ ಹೋಯಿತು. ಹೋಗುವಾಗ ರೈಮನ್ ವೇದಿಕೆಯ ಮರದಿಂದ ಆರಡಿ ಅಗಲದ ಒಂದು ವೃತ್ತ ಕತ್ತರಿಸಿ ಹೊಸ ವೇದಿಕೆಯ ಮಧ್ಯದಲ್ಲಿ ಕೂರಿಸಿದರು. ಹಾಡುವವರು ಆ ವೃತ್ತದಲ್ಲಿ ನಿಂತೇ ಹಾಡುತ್ತಾರೆ. 2010ರ ಪ್ರವಾಹದಲ್ಲಿ ಹೊಸ ಹಾಲ್‌ಗೆ ನೀರು ನುಗ್ಗಿದಾಗ ಆ ಮರದ ತುಂಡನ್ನು ಜೋಪಾನವಾಗಿ ಉಳಿಸಿಕೊಂಡು ಮತ್ತೆ ಅಲ್ಲೇ ಇಟ್ಟರು. ಅಪ್ಪ ಇದನ್ನು ಕೇಳಿ ಮಾತಾಡದೆ ಸ್ವಲ್ಪ ಹೊತ್ತು ವೇದಿಕೆಯನ್ನೇ ನೋಡುತ್ತಾ ನಿಂತರು.

ಬ್ರಾಡ್‌ವೇ ಬೀದಿ ಎಲ್ಲರಿಗೂ ಗೊತ್ತು. ಬೆಳಗ್ಗೆ 11ರ ಹೊತ್ತಿಗೇ ಸಾಲಾಗಿ ಎಲ್ಲ ಬಾರ್‌ಗಳಲ್ಲೂ ಹಾಡು ಶುರು. ಒಳಗೆ ಹೋಗಲು ಹೆಚ್ಚಿನ ಕಡೆ ದುಡ್ಡಿಲ್ಲ. ಹಾಡುವವರ ಮುಂದೆ ಒಂದು ಡಬ್ಬ ಇರುತ್ತದೆ. ಅವರು ನಾಲ್ಕು ನಾಲ್ಕು ಗಂಟೆಯ ಪಾಳಿಯಲ್ಲಿ ಹಾಡುತ್ತಾರೆ, ಆ ಡಬ್ಬದ ದುಡ್ಡೇ ಅವರ ಸಂಪಾದನೆಯ ದೊಡ್ಡ ಪಾಲು. ದಯವಿಟ್ಟು ಏನಾದರೂ ಹಾಕಿಯೇ ಎದ್ದು ಬನ್ನಿ. ಇಲ್ಲಿ ಒಂದು ಎಚ್ಚರಿಕೆ. ಸಂಜೆಯಾದ ಮೇಲೆ ಹೆಚ್ಚಿನ ಬಾರ್‌ಗಳು 21 ತುಂಬದವರನ್ನು ಒಳಗೆ ಬಿಡುವುದಿಲ್ಲ. ನಾವು ಇದು ಗೊತ್ತಿಲ್ಲದೆ ರಾತ್ರಿ ಊಟ ಮುಗಿಸಿ ಮಗನನ್ನು ಕರೆದುಕೊಂಡು ಹೋಗಿ, ಮೂರು ಬಾಗಿಲಲ್ಲಿ ವಾಪಸ್ ಕಳಿಸಿಕೊಂಡೆವು. ಅಮ್ಮನಿಗೆ ಅಷ್ಟೊತ್ತಿಗೆ ಗದ್ದಲದಲ್ಲಿ ತಲೆನೋವು ಬಂದಿತ್ತು. ಮಕ್ಕಳು, ಹಿರಿಯರು ಇದ್ದರೆ ಬ್ರಾಡ್‌ವೇಯನ್ನು ಮಧ್ಯಾಹ್ನವೇ ಮುಗಿಸಿ.

ನ್ಯಾಶ್‌ವಿಲ್‌ನ ಜೀವ ಆ ಬೀದಿಯಲ್ಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಊರಿನ ಇನ್ನೊಂದು ಭಾಗದಲ್ಲಿ, ಅಂಗಡಿ ಸಾಲಿನ ಮಧ್ಯೆ ಇರುವ ಬ್ಲೂಬರ್ಡ್ ಕೆಫೆಯಲ್ಲಿದೆ. 1982ರಲ್ಲಿ ಶುರುವಾದದ್ದು. ಸುಮಾರು 90 ಜನ ಕೂರುವಷ್ಟು ಜಾಗ. ಮೂರು ನಾಲ್ಕು ಜನ ಗಿಟಾರ್ ಹಿಡಿದು ಹಾಲ್‌ನ ನಡುವೆ ಮುಖಾಮುಖಿ ಕೂರುತ್ತಾರೆ, ಕೇಳುವವರು ಸುತ್ತ. ಇವರು ದೊಡ್ಡ ಗಾಯಕರಿಗೆ ಹಾಡು ಬರೆದುಕೊಡುವವರು. ಒಬ್ಬೊಬ್ಬರಾಗಿ ತಮ್ಮ ಹಾಡು ತಾವೇ ಹಾಡಿ, ಅದನ್ನು ಯಾವಾಗ ಬರೆದೆ, ಯಾಕೆ ಬರೆದೆ ಅಂತ ಹೇಳುತ್ತಾರೆ. ಯಾರಾದರೂ ಮಾತಾಡಿದರೆ ಸುಮ್ಮನಿರಿಸುತ್ತಾರೆ. ಭಾವಗೀತೆ ಕೇಳಿ ಬೆಳೆದವರಿಗೆ, ಕವಿಯ ಬಾಯಲ್ಲೇ ಹಾಡು ಕೇಳುವ ಸುಖ ಎಂಥದ್ದು ಅಂತ ನಾನು ಹೇಳಬೇಕಿಲ್ಲ. ಟಿಕೆಟ್ ಆನ್‌ಲೈನ್‌ನಲ್ಲಿ ಬಿಟ್ಟ ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಇನ್ನೊಂದು ಜಾಗ ಬಹಳ ಜನ ಬಿಟ್ಟುಬಿಡುತ್ತಾರೆ. ಫಿಸ್ಕ್ ವಿಶ್ವವಿದ್ಯಾಲಯ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಶುರುವಾದ ಶಾಲೆ ದುಡ್ಡಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1871ರಲ್ಲಿ ಅಲ್ಲಿಯ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಊರೂರು ಹಾಡಲು ಹೊರಟರು. ಅವರೇ ಫಿಸ್ಕ್ ಜುಬಿಲಿ ಸಿಂಗರ್ಸ್. ತಮ್ಮ ಅಪ್ಪ ಅಮ್ಮ ಹೊಲದಲ್ಲಿ ಹಾಡುತ್ತಿದ್ದ ಹಾಡುಗಳನ್ನೇ ಹಾಡಿದರು. 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಹಾಡಿ ತಂದ ದುಡ್ಡಿನಲ್ಲಿ ಎದ್ದ ಜುಬಿಲಿ ಹಾಲ್ ಇವತ್ತೂ ನಿಂತಿದೆ. ಕಂಟ್ರಿ ಬರುವುದಕ್ಕೆ ಐವತ್ತು ವರ್ಷ ಮುಂಚೆಯೇ ಈ ಊರಿಗೆ ಹಾಡಿನ ಹೆಸರು ತಂದವರು ಇವರು.

ಮೆಂಫಿಸ್

ಮೂರರಲ್ಲಿ ಜನ ಕಮ್ಮಿ ಹೋಗುವ ಊರು ಇದು. ಹೋಟೆಲ್ ದರವೂ ಮೂರರಲ್ಲಿ ಇದೇ ಕಮ್ಮಿ. ಮೇಲ್ನೋಟಕ್ಕೆ ಸೊರಗಿದ ಹಾಗೆ ಕಾಣುತ್ತದೆ. ಖಾಲಿ ಅಂಗಡಿಗಳು, ನಿರ್ಜನ ಬೀದಿಗಳು. ಆದರೂ ನನ್ನನ್ನು ಹಿಡಿದು ಅಲ್ಲಾಡಿಸಿದ ಊರು ಇದೊಂದೇ. ಚಿಕ್ಕ ಮಕ್ಕಳಿದ್ದರೆ ಬೇಡ. ಹನ್ನೆರಡು ದಾಟಿದ ಮಕ್ಕಳಿದ್ದರೆ ಖಂಡಿತ ಕರೆದುಕೊಂಡು ಹೋಗಿ.

ಮೆಂಫಿಸ್ ಅಂದ ಕೂಡಲೇ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೆಸ್ಲಿ, ಎಲ್ವಿಸ್ ಅಂದ ಕೂಡಲೇ ಗ್ರೇಸ್‌ಲ್ಯಾಂಡ್. 1957ರಲ್ಲಿ, 22ನೇ ವಯಸ್ಸಿನಲ್ಲಿ ಕೊಂಡ ಮನೆ. 1977ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಟಿಕೆಟ್ ತುಂಬಾ ದುಬಾರಿ, ಅರ್ಧ ದಿನ ಬೇಕು. ಎಲ್ವಿಸ್ ಹುಚ್ಚು ಇದ್ದವರಿಗೆ ಸರಿ. ಇಲ್ಲದವರು ಆ ದುಡ್ಡು, ಆ ಸಮಯ ಎರಡನ್ನೂ ಸನ್ ಸ್ಟುಡಿಯೋ ಮತ್ತು ಸ್ಟ್ಯಾಕ್ಸ್‌ಗೆ ಕೊಡಿ.

ಸನ್ ಸ್ಟುಡಿಯೋ ಯೂನಿಯನ್ ಅವೆನ್ಯೂದಲ್ಲಿರುವ ಪುಟ್ಟ ಕಟ್ಟಡ. ಸ್ಯಾಮ್ ಫಿಲಿಪ್ಸ್ 1950ರಲ್ಲಿ ತೆರೆದದ್ದು. ಕರಿಯರ ನೋವಿನಿಂದ ಹುಟ್ಟಿದ ಬ್ಲೂಸ್ ಹಾಡುವ ಬಿ. ಬಿ. ಕಿಂಗ್, ಹೌಲಿನ್ ವೂಲ್ಫ್ ಅಂಥವರು ಎಲ್ವಿಸ್‌ಗಿಂತ ಮುಂಚೆ ಇಲ್ಲಿ ಹಾಡಿದ್ದಾರೆ. 1953ರಲ್ಲಿ 18 ವರ್ಷದ ಎಲ್ವಿಸ್ ಸುಮಾರು 4 ಡಾಲರ್ ಕೊಟ್ಟು ತನ್ನ ದನಿಯನ್ನು ರೆಕಾರ್ಡ್ ಮಾಡಿಸಿಕೊಂಡಿದ್ದೂ ಇಲ್ಲಿಯೇ. ಟೂರ್ ಮುಕ್ಕಾಲು ಗಂಟೆ. ರೆಕಾರ್ಡಿಂಗ್ ನಡೆಯುತ್ತಿದ್ದ ಕೋಣೆ ನಮ್ಮ ಮನೆಯ ನಡುಮನೆಗಿಂತ ಬಹಳ ದೊಡ್ಡದೇನಲ್ಲ. ಇಷ್ಟು ಚಿಕ್ಕ ಜಾಗದಿಂದ ಅಷ್ಟು ದೊಡ್ಡ ಸದ್ದು ಹೊರಟಿತಾ ಅಂತ ಮಗ ಗೋಡೆ ಮುಟ್ಟಿ ಮುಟ್ಟಿ ನೋಡಿದ.

ಸ್ಟ್ಯಾಕ್ಸ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಳೆಯ ಸಿನಿಮಾ ಟಾಕೀಸ್ ಒಂದನ್ನು ಸ್ಟುಡಿಯೋ ಮಾಡಿಕೊಂಡಿದ್ದ ಹಾಡಿನ ರೆಕಾರ್ಡ್ ಕಂಪನಿ ಅದು. ಟಾಕೀಸಿನ ಇಳಿಜಾರು ನೆಲವನ್ನು ಸರಿ ಮಾಡದೆ ಹಾಗೇ ಬಿಟ್ಟಿದ್ದರು. ಆ ಇಳಿಜಾರಿನಿಂದಲೇ ಅವರ ಹಾಡುಗಳಿಗೆ ಬೇರೆಯದೇ ನಾದ ಬಂತು ಅನ್ನುತ್ತಾರೆ. ಓಟಿಸ್ ರೆಡ್ಡಿಂಗ್, ಐಸಾಕ್ ಹೇಯ್ಸ್ ಹಾಡಿದ್ದು ಇಲ್ಲಿ. ಮುಖ್ಯವಾದ ಸಂಗತಿ ಇನ್ನೊಂದಿದೆ. ಕರಿಯರು ಬಿಳಿಯರು ಒಂದೇ ಟೇಬಲ್ಲಿನಲ್ಲಿ ಊಟ ಮಾಡುವುದು ಕಷ್ಟವಿದ್ದ ಊರಿನಲ್ಲಿ, 1960ರ ದಶಕದಲ್ಲಿ, ಈ ಸ್ಟುಡಿಯೋದ ಪಕ್ಕವಾದ್ಯದ ತಂಡದಲ್ಲಿ ಇಬ್ಬರು ಕರಿಯರು, ಇಬ್ಬರು ಬಿಳಿಯರು ಒಟ್ಟಿಗೆ ಕೂತು ನುಡಿಸುತ್ತಿದ್ದರು. ಹಳೆಯ ಕಟ್ಟಡವನ್ನು 1989ರಲ್ಲಿ ಕೆಡವಿದರು. ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಮತ್ತೆ ಕಟ್ಟಿ 2003ರಲ್ಲಿ ಮ್ಯೂಸಿಯಂ ತೆರೆದಿದ್ದಾರೆ. ಒಳಗೆ ಹೋದ ಕೂಡಲೇ ಸಿಗುವುದು ಮಿಸಿಸಿಪ್ಪಿಯ ಹಳ್ಳಿಯಿಂದ ಬಿಚ್ಚಿ ತಂದು ಜೋಡಿಸಿದ ನೂರು ವರ್ಷ ದಾಟಿದ ಚರ್ಚು. ಸ್ಟ್ಯಾಕ್ಸ್‌ನವರು ಹಾಡಿಸಿದ ಸೋಲ್ ಎಂಬ ಪ್ರಕಾರದ ಬೇರು ಎಲ್ಲಿದೆ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ಆ ಹಾಡುಗಾರರು ಸೇರುತ್ತಿದ್ದ ಜಾಗ ಲೊರೇನ್ ಮೊಟೆಲ್. ಕರಿಯರಿಗೆ ರೂಮು ಕೊಡುವ ಜಾಗಗಳೇ ಕಮ್ಮಿ ಇದ್ದ ಕಾಲ. ಎಡ್ಡಿ ಫ್ಲಾಯ್ಡ್ ಮತ್ತು ಸ್ಟೀವ್ ಕ್ರಾಪರ್, ಒಬ್ಬ ಕರಿಯ ಒಬ್ಬ ಬಿಳಿಯ, ಜೊತೆಯಾಗಿ ಕೂತು ಹಾಡು ಬರೆದದ್ದು ಆ ಮೊಟೆಲ್‌ನ ರೂಮಿನಲ್ಲಿ. 1968ರಲ್ಲಿ ಊರಿನ ಪೌರಕಾರ್ಮಿಕರು ಮುಷ್ಕರ ಹೂಡಿದಾಗ ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಇಳಿದುಕೊಂಡದ್ದೂ ಅಲ್ಲೇ, 306ನೇ ರೂಮಿನಲ್ಲಿ. ಏಪ್ರಿಲ್ 4ರ ಸಂಜೆ ಅವರು ಬಾಲ್ಕನಿಗೆ ಬಂದು, ಕೆಳಗೆ ನಿಂತಿದ್ದ ಬೆನ್ ಬ್ರಾಂಚ್ ಎಂಬ ಸ್ಯಾಕ್ಸೊಫೋನ್ ವಾದಕರಿಗೆ, ರಾತ್ರಿಯ ಸಭೆಯಲ್ಲಿ ತಮಗೆ ಇಷ್ಟವಾದ ಪ್ರಾರ್ಥನೆಯೊಂದನ್ನು ಚೆನ್ನಾಗಿ ನುಡಿಸಬೇಕು ಅಂತ ಕೇಳಿಕೊಂಡರು. ಗುಂಡು ಬಿದ್ದಿದ್ದು ಅದಾದ ಕ್ಷಣದಲ್ಲಿ. ಅವರ ಕೊನೆಯ ಮಾತು ಒಂದು ಹಾಡಿನ ಬಗ್ಗೆ.

ಆ ಮೊಟೆಲ್ ಈಗ ನಾಗರಿಕ ಹಕ್ಕುಗಳ ರಾಷ್ಟ್ರೀಯ ಮ್ಯೂಸಿಯಂ. 1991ರಲ್ಲಿ ತೆರೆದದ್ದು. ಮಂಗಳವಾರ ರಜೆ. ಬಾಲ್ಕನಿಯ ಕಂಬಿಗೆ ಹೂವಿನ ಚಕ್ರ ಕಟ್ಟಿರುತ್ತಾರೆ, ಅದು ಹೊರಗಿನಿಂದಲೇ ಕಾಣುತ್ತದೆ. ನೋಡಿ ಬಂದ ಮೇಲೆ ಬೀಲ್ ಸ್ಟ್ರೀಟ್‌ಗೆ ಹೋಗಿ ಬ್ಲೂಸ್ ಕೇಳಿದರೆ ಅದೇ ಹಾಡು ಬೇರೆ ಥರ ಕೇಳಿಸುತ್ತದೆ. ನಮಗೆ ಆ ರಾತ್ರಿ ಕೇಳಿಸಿತು. ಮಗ ಹೋಟೆಲಿಗೆ ಬಂದ ಮೇಲೂ ಪ್ರಶ್ನೆ ಕೇಳುತ್ತಲೇ ಇದ್ದ, ನಮ್ಮೂರಲ್ಲಿ ಯಾರನ್ನೆಲ್ಲ ಹೀಗೆ ದೂರ ಇಟ್ಟಿದ್ದರು ಅಂತ. ಅದಕ್ಕೆ ಉತ್ತರ ಕೊಡುತ್ತಾ ಒಂದು ಗಂಟೆಯಾಯಿತು.

ಭಾನುವಾರ ಬೆಳಗ್ಗೆ ಸಮಯವಿದ್ದರೆ ಮಿಸಿಸಿಪ್ಪಿ ನದಿಯ ಮೇಲಿನ ಬಿಗ್ ರಿವರ್ ಕ್ರಾಸಿಂಗ್ ಮೇಲೆ ನಡೆಯಿರಿ. ಹೆಚ್ಚುಕಮ್ಮಿ ಒಂದು ಮೈಲಿ ಉದ್ದದ ಕಾಲುದಾರಿ, ಪಕ್ಕದಲ್ಲೇ ರೈಲು ಹೋಗುತ್ತದೆ. ಆಚೆ ದಡ ಅರ್ಕನ್ಸಾ ರಾಜ್ಯ.

ನ್ಯೂ ಆರ್ಲಿಯನ್ಸ್

ಜೀವನದಲ್ಲಿ ಒಂದೇ ಸಲ ಹೋಗುವುದು, ಒಂದೇ ಊರು ಹೇಳಿ ಅಂದರೆ ನಾನು ಹೇಳುವುದು ನ್ಯೂ ಆರ್ಲಿಯನ್ಸ್. ಆದರೆ ಅಲ್ಲಿಗೆ ಕಾರಿನಲ್ಲಿ 7 ಗಂಟೆ ಮೀರುತ್ತದೆ. ಮೂರೇ ದಿನ ಇದ್ದರೆ ವಿಮಾನದಲ್ಲಿ ಹೋಗಿ. ಊರೊಳಗೆ ಕಾರು ಬೇಕಿಲ್ಲ. ಸೇಂಟ್ ಚಾರ್ಲ್ಸ್ ಟ್ರಾಮ್ ಸಾಲು 1835ರಿಂದ ಓಡುತ್ತಿದೆ, ಟಿಕೆಟ್ 1.25 ಡಾಲರ್.

ಈ ಊರಿನ ಹಾಡು ಎಲ್ಲಿ ಶುರುವಾಯಿತು ಅಂತ ನೋಡಲು ಕಾಂಗೋ ಸ್ಕ್ವೇರ್‌ಗೆ ಹೋಗಿ. ಈಗ ಜಾಸ್ ವಾದಕ ಲುಯಿ ಆರ್ಮ್‌ಸ್ಟ್ರಾಂಗ್ ಹೆಸರಿನ ಪಾರ್ಕಿನೊಳಗೆ ಇದೆ. ಗುಲಾಮರಾಗಿದ್ದ ಆಫ್ರಿಕನ್ನರಿಗೆ ಭಾನುವಾರ ಮಾತ್ರ ಸ್ವಲ್ಪ ಬಿಡುವು. ಆ ದಿನ ಇಲ್ಲಿ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದರು. ಅಲ್ಲಿಗೆ ಹತ್ತಿದ ಟ್ರೆಮೆ ಬಡಾವಣೆಯಲ್ಲಿ ಇವತ್ತೂ ಬ್ರಾಸ್ ಬ್ಯಾಂಡ್‌ಗಳಿವೆ.

ಸೆಪ್ಟೆಂಬರಿನಿಂದ ಜೂನ್ ಹೊತ್ತಿಗೆ ಅಲ್ಲಿಯ ಬೇಸಿಗೆ ಶುರುವಾಗುವವರೆಗೆ ಹೆಚ್ಚಿನ ಭಾನುವಾರಗಳಲ್ಲಿ ಸೆಕೆಂಡ್ ಲೈನ್ ಮೆರವಣಿಗೆ ಇರುತ್ತದೆ. ಮುಂದೆ ಬ್ಯಾಂಡು ಮತ್ತು ಮೆರವಣಿಗೆ ನಡೆಸುವ ಸಂಘದವರು, ಅವರದು ಮೊದಲ ಸಾಲು. ಹಿಂದೆ ಕುಣಿಯುತ್ತಾ ಬರುವ ಜನ ಎರಡನೇ ಸಾಲು. ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಊರ ಜಾತ್ರೆಯಲ್ಲಿ ಡೊಳ್ಳಿನ ಹಿಂದೆ ನಡೆದವರ ಕಾಲು ತಾನಾಗಿಯೇ ಹೆಜ್ಜೆ ಹಾಕುತ್ತದೆ. ಇದು ಬಂದದ್ದು ಸಾವಿನ ಮೆರವಣಿಗೆಯಿಂದ. ಸ್ಮಶಾನಕ್ಕೆ ಹೋಗುವಾಗ ನಿಧಾನದ ಪ್ರಾರ್ಥನೆ, ಮಣ್ಣು ಮಾಡಿ ಬರುವಾಗ ಕುಣಿತದ ಹಾಡು. ಯಾವ ಭಾನುವಾರ ಯಾವ ಬೀದಿ ಅನ್ನುವುದನ್ನು ಅಲ್ಲಿಯ ಡಬ್ಲ್ಯೂಡಬ್ಲ್ಯೂಓಝಡ್ ಎಂಬ ರೇಡಿಯೋದವರು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಊರಲ್ಲಿ ಯಾವ ರಾತ್ರಿ ಎಲ್ಲಿ ಯಾರು ನುಡಿಸುತ್ತಾರೆ ಅನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ.

ಕೂತು ಜಾಸ್ ಕೇಳಲು ಪ್ರಿಸರ್ವೇಶನ್ ಹಾಲ್. 1961ರಲ್ಲಿ ಶುರುವಾದದ್ದು. ಸುಣ್ಣ ಬಣ್ಣ ಕಾಣದ ಹಳೆಯ ಕೋಣೆ. ಒಂದು ಕಛೇರಿ ಮುಕ್ಕಾಲು ಗಂಟೆ, ಒಂದೇ ರಾತ್ರಿಯಲ್ಲಿ ಹಲವು ಇರುತ್ತವೆ. ಮಕ್ಕಳಿಗೂ ಪ್ರವೇಶವಿದೆ. ಬೆಂಚುಗಳು ಕಮ್ಮಿ, ತುಂಬಾ ಜನ ನಿಂತೇ ಕೇಳಬೇಕು. ಹಿರಿಯರಿದ್ದರೆ ಕೂರುವ ಟಿಕೆಟ್ಟನ್ನೇ ಮುಂಚೆ ತೆಗೆದುಕೊಳ್ಳಿ. ಅಮ್ಮ ಊರಲ್ಲಿ ಇಪ್ಪತ್ತು ವರ್ಷ ದೇವರನಾಮ ಹೇಳಿಕೊಟ್ಟವರು. ಇಂಗ್ಲಿಷ್ ಹಾಡು ಒಂದೂ ಗೊತ್ತಿಲ್ಲ. ಅಂದು ಮೊದಲ ಐದು ನಿಮಿಷ ಸುಮ್ಮನಿದ್ದರು. ಆಮೇಲೆ ಕ್ಲಾರಿನೆಟ್‌ನವರು ಒಂದು ಸಾಲು ನುಡಿಸಿ ಬಿಟ್ಟರು, ಟ್ರಂಬೋನ್‌ನವರು ಅದನ್ನೇ ಎತ್ತಿಕೊಂಡು ಬೇರೆ ದಾರಿಗೆ ಹೋದರು, ಡ್ರಮ್ಮಿನವರು ಅದಕ್ಕೆ ಉತ್ತರ ಕೊಟ್ಟರು. ಅಮ್ಮನ ಕೈ ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿತು. "ಬರೆದುಕೊಂಡಿದ್ದು ನುಡಿಸ್ತಿಲ್ಲ ಕಣೇ ಇವರು, ಮನೋಧರ್ಮ ಇದು" ಅಂದರು. ಜಾಸ್ ಅಂದರೆ ಏನು ಅಂತ ನಾನು ಓದಿ ತಿಳಿದಿದ್ದನ್ನು ಅವರು ಹತ್ತು ನಿಮಿಷದಲ್ಲಿ ಕೇಳಿ ತಿಳಿದರು.

ಬೂರ್ಬನ್ ಸ್ಟ್ರೀಟ್ ಹೆಸರು ಕೇಳಿ ಅಲ್ಲಿಗೆ ಹೋಗಿ ಬೇಸರಪಡಬೇಡಿ. ಕುಡಿತದ ಗಲಾಟೆಯೇ ಜಾಸ್ತಿ. ಹತ್ತು ಹದಿನೈದು ನಿಮಿಷ ನಡೆದು ಫ್ರೆಂಚ್‌ಮೆನ್ ಸ್ಟ್ರೀಟ್‌ಗೆ ಬನ್ನಿ. ಸ್ಪಾಟೆಡ್ ಕ್ಯಾಟ್, ಸ್ನಗ್ ಹಾರ್ಬರ್ ಅಂಥ ಜಾಗಗಳು ಅಲ್ಲಿವೆ. ಒಳಗೆ ಹೋಗಲಾಗದಿದ್ದರೂ ಬೀದಿಯ ಮೂಲೆಯಲ್ಲಿ ಬ್ಯಾಂಡು ನಿಂತಿರುತ್ತದೆ.

ನಮ್ಮವರಿಗೆ ಇನ್ನೊಂದು ಖುಷಿಯ ವಿಷಯ. ಇಲ್ಲಿಯ ಕಾಫಿಯಲ್ಲಿ ಚಿಕೋರಿ ಇರುತ್ತದೆ. 1862ರಿಂದ ಇರುವ ಕೆಫೆ ಡು ಮೊಂಡ್‌ನಲ್ಲಿ ಬಿಸಿ ಹಾಲು ಬೆರೆಸಿದ ಚಿಕೋರಿ ಕಾಫಿ ಕುಡಿದು ಅಮ್ಮ, ಅಮೆರಿಕಕ್ಕೆ ಬಂದ ಮೇಲೆ ಇದೇ ಮೊದಲ ಸರಿಯಾದ ಕಾಫಿ ಅಂದರು. ಜೊತೆಗೆ ಸಕ್ಕರೆ ಪುಡಿ ಸುರಿದ ಬೆನ್ಯೇ ಕೊಡುತ್ತಾರೆ, ಚೌಕಾಕಾರದ ಕರಿದ ತಿಂಡಿ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ.

ಊಟ, ಕಾರು, ತಿಂಗಳು

ಸಸ್ಯಾಹಾರಿಗಳಿಗೆ ಮೂರೂ ಊರು ಕಷ್ಟವೇ. ಸೊಪ್ಪು, ಬೀನ್ಸ್ ಅಂತ ಮೆನುವಿನಲ್ಲಿ ಕಂಡರೂ ಹಂದಿ ಮಾಂಸ ಹಾಕಿ ಬೇಯಿಸುವುದು ದಕ್ಷಿಣದ ರೂಢಿ. ನ್ಯೂ ಆರ್ಲಿಯನ್ಸ್‌ನ ರಾಜ್ಮಾ ಅನ್ನವೂ ಹಾಗೇ. ಕೇಳದೆ ತಿನ್ನಬೇಡಿ. ನ್ಯಾಶ್‌ವಿಲ್‌ನಲ್ಲಿ ಇಂಡಿಯನ್ ಹೋಟೆಲ್‌ಗಳು ಸುಲಭವಾಗಿ ಸಿಗುತ್ತವೆ, ಬೆಲ್‌ವ್ಯೂ ಕಡೆ ಗಣೇಶನ ದೊಡ್ಡ ದೇವಸ್ಥಾನವೂ ಇದೆ. ಅಪ್ಪ ಅಮ್ಮ ಇದ್ದರೆ ಇದೂ ಒಂದು ಲೆಕ್ಕವೇ. ನಾವು ಎಲ್ಲಿಗೆ ಹೋದರೂ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡೇ ಹೋಗುತ್ತೇವೆ.

ಮೆಂಫಿಸ್ ಮತ್ತು ನ್ಯೂ ಆರ್ಲಿಯನ್ಸ್‌ನಲ್ಲಿ ಕಾರಿನೊಳಗೆ ಬ್ಯಾಗು ಕಾಣುವ ಹಾಗೆ ಬಿಡಬೇಡಿ. ರಾತ್ರಿ ಖಾಲಿ ಬೀದಿಯಲ್ಲಿ ನಡೆಯುವ ಬದಲು ಊಬರ್ ಹಿಡಿಯಿರಿ.

ಮಾರ್ಚ್, ಏಪ್ರಿಲ್, ಅಕ್ಟೋಬರ್ ಮೂರಕ್ಕೂ ಚೆನ್ನ. ಜುಲೈ ಆಗಸ್ಟಿನಲ್ಲಿ ನ್ಯೂ ಆರ್ಲಿಯನ್ಸ್ ಬೇಡ, ಬೆವರಿ ಸುಸ್ತಾಗುತ್ತೀರಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲವೂ ಹೌದು. ಏಪ್ರಿಲ್ ಕೊನೆಯ ಜಾಸ್ ಫೆಸ್ಟ್ ಹೊತ್ತಿಗೆ ಹೋಟೆಲ್ ದರ ಏರಿಬಿಡುತ್ತದೆ. ಏಪ್ರಿಲ್‌ನಲ್ಲೇ ಅದಕ್ಕಿಂತ ಮುಂಚೆ ನಡೆಯುವ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್‌ಗೆ ಟಿಕೆಟ್ಟೇ ಇಲ್ಲ, ಮೊದಲ ಸಲ ಹೋಗುವವರಿಗೆ ಅದೇ ವಾಸಿ. ನ್ಯಾಶ್‌ವಿಲ್‌ನಲ್ಲಿ ಶುಕ್ರವಾರ ಶನಿವಾರ ಹೋಟೆಲ್ ದರ ಕೇಳಿದರೆ ಎದೆ ಝಲ್ ಅನ್ನುತ್ತದೆ. ಸಾಧ್ಯವಾದರೆ ಭಾನುವಾರ ಹೋಗಿ ಬುಧವಾರ ಬನ್ನಿ.

ಬುಕ್ ಮಾಡುವಾಗ ಮೊದಲು ಹಾಡು, ಆಮೇಲೆ ಹೋಟೆಲ್. ಬ್ಲೂಬರ್ಡ್ ಅಥವಾ ರೈಮನ್ ಟಿಕೆಟ್ ಸಿಕ್ಕ ದಿನ ನೋಡಿಕೊಂಡು ನ್ಯಾಶ್‌ವಿಲ್ ರಜೆ ಹಾಕಿ. ಮೆಂಫಿಸ್‌ಗೆ ಮಂಗಳವಾರ ಬೇಡ. ನ್ಯೂ ಆರ್ಲಿಯನ್ಸ್‌ಗೆ ಹೋಗುವುದಾದರೆ ಭಾನುವಾರ ಮಧ್ಯಾಹ್ನ ಖಾಲಿ ಇಟ್ಟುಕೊಳ್ಳಿ, ವಾಪಸ್ ವಿಮಾನ ಸೋಮವಾರಕ್ಕೆ ತೆಗೆದುಕೊಳ್ಳಿ, ನಡೆಯಲು ಒಳ್ಳೆ ಚಪ್ಪಲಿ ಹಾಕಿಕೊಳ್ಳಿ. ಮೆರವಣಿಗೆ ನಾಲ್ಕು ಗಂಟೆ ನಡೆಯುತ್ತದೆ.